ಕೆಳಗಿನ ಮನೆಯ ಕಂಪ್ಯೂಟರ್

ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಮಗಳು ಯುನ್‌ಷಿಯ ಶಾಲೆಯ ಅಂಗಿಯ ಒಂದು ತೋಳು ಬಿದಿರಿನ ಗಳಕ್ಕೆ ಏರಿತ್ತಷ್ಟೇ, ಒಳಗಿನಿಂದ ಕೂಗಿದಳು.

"ಅಮ್ಮಾ, ಅಪ್ಪನ ಕಂಪ್ಯೂಟರ್ ಕಾಣ್ತಾ ಇಲ್ಲ!"

ಒದ್ದೆ ಕೈ ಒರೆಸಿಕೊಂಡು ಬಂದೆ. ತಾಯ್ನಾನ್ ನಗರದ ಈ ಹಳೆಯ ಕಟ್ಟಡದಲ್ಲಿ ನಾವು ನಾಲ್ಕನೆಯ ಮಹಡಿ, ನಮ್ಮ ಅತ್ತೆ ಮೂರನೆಯದು. ವಸಂತದಿಂದ ನನ್ನ ಗಂಡ ಬೋಯುವಾನ್ ಅತ್ತೆಯ ಮನೆಯಲ್ಲೇ ಮಲಗುತ್ತಿದ್ದರು. ಅಪ್ಪನಿಗೆ ಗೊರಕೆ ಎಂದು ಮಗಳಿಗೆ ಹೇಳಿದ್ದೆವು. ಎರಡು ಮನೆಗೂ ಇಂಟರ್ನೆಟ್ ಒಂದೇ. ನಮ್ಮ ರೂಟರಿನ ತಂತಿಯೊಂದು ಕಿಟಕಿಯ ಸರಳುಗಳಾಚೆ ಇಳಿದು ಅವರ ಕೋಣೆ ಸೇರುತ್ತದೆ. ಯುನ್‌ಷಿ ತಾನು ಬಿಡಿಸಿದ ಚಿತ್ರವನ್ನು ಅಪ್ಪನ ಕಂಪ್ಯೂಟರಿನ ಫೋಲ್ಡರಿಗೆ ಹಾಕುತ್ತಾಳೆ. ಬೆಳಗಾಗುವಷ್ಟರಲ್ಲಿ ಅವರು ಅದಕ್ಕೊಂದು ಮೀಸೆಯನ್ನೋ ಬಾಲವನ್ನೋ ಸೇರಿಸಿರುತ್ತಾರೆ.

ತಿಂಗಳ ಕೊನೆಗೆ ಅವರು ಬೇರೆ ಹೋಗುವುದೆಂದೂ, ಹೊರಡುವ ಮೊದಲು ಮಗಳನ್ನು ಕೂರಿಸಿಕೊಂಡು ತಾವೇ ಹೇಳುವುದೆಂದೂ ಮಾತಾಗಿತ್ತು. ನಾನು ಅವರಲ್ಲಿ ಕೇಳಿಕೊಂಡದ್ದು ಅದೊಂದನ್ನೇ. ತಿಂಗಳು ಇನ್ನೂ ಅರ್ಧವೂ ಆಗಿರಲಿಲ್ಲ.

ಪರದೆಯಲ್ಲಿ ನಮ್ಮ ಕಂಪ್ಯೂಟರಿನ ಹೆಸರಿತ್ತು, ಪ್ರಿಂಟರಿನದಿತ್ತು. ಅವರದಿರಲಿಲ್ಲ.

"ಮಲಗಿರಬೇಕು ಕಣೇ."

"ಅಪ್ಪ ಮಲಗಿದ್ರೂ ಅದು ಮಲಗಲ್ಲಮ್ಮ. ನಂಗೋಸ್ಕರ ಹಾಗೆ ಮಾಡಿಟ್ಟಿದ್ದಾರೆ."

ರೂಟರನ್ನು ಆರಿಸಿ ಮತ್ತೆ ಹಚ್ಚಿದೆ. ತಂತಿಯನ್ನು ಒತ್ತಿ ಕೂರಿಸಿದೆ. ಮತ್ತೆ ಹುಡುಕಿದರೂ ಹೆಸರು ಬರಲಿಲ್ಲ. ರೂಟರು ಪ್ರತಿ ಯಂತ್ರಕ್ಕೂ ಒಂದು ನಂಬರು ಕೊಟ್ಟಿರುತ್ತದೆ; ಹೆಸರು ಕಾಣದಿದ್ದರೂ ಆ ನಂಬರು ಹಿಡಿದು ಕರೆದರೆ ಕೆಲವೊಮ್ಮೆ ಓಗೊಡುತ್ತದೆ. ಅವರ ಕಂಪ್ಯೂಟರಿನ ನಂಬರು ನನಗೆ ಬಾಯಿಪಾಠ. ಕೀಲಿಮಣೆಯಲ್ಲಿ ಒತ್ತಿ ಕರೆದೆ.

ಪರದೆಯ ಮೇಲೆ ಉತ್ತರ ಬಂತು. ಒಂದರ ಹಿಂದೆ ಒಂದು, ತಡವಿಲ್ಲದೆ.

"ಇದೆ! ಅಮ್ಮಾ, ಇದೆ!" ಯುನ್‌ಷಿ ಕುರ್ಚಿಯ ಮೇಲೆ ಕುಣಿದಳು. ನನ್ನ ಎದೆಯೂ ಹಗುರಾಯಿತು. ಆದರೆ ಫೋಲ್ಡರ್ ಮಾತ್ರ ತೆರೆಯಲೊಲ್ಲದು.

"ಗೊತ್ತಾಯ್ತು! ಪೊಟ್ಟಣದ ತಾರೀಕು ಮುಗಿದಿದೆ," ಎಂದಳು. "ಇಲ್ಲಾಂದ್ರೆ ಅಜ್ಜಿ ಮತ್ತೆ ಹಳದೀದು ಇಟ್ಟಿರ್ತಾರೆ."

ನಮ್ಮ ನಾಡಿನಲ್ಲಿ ಯಂತ್ರವಿದ್ದ ಕಡೆಯೆಲ್ಲ ಅದರ ತಲೆಯ ಮೇಲೊಂದು ಜೋಳದ ಕುರುಕಲಿನ ಪೊಟ್ಟಣ ಇರುತ್ತದೆ. 'ಹೇಳಿದ ಮಾತು ಕೇಳು' ಎಂಬುದೇ ಆ ತಿಂಡಿಯ ಹೆಸರು. ಹಸಿರು ಪೊಟ್ಟಣವಾದರೆ ಯಂತ್ರ ಹಟ ಮಾಡದೆಂಬ ನಂಬಿಕೆ. ಹಳದಿ ಆಗದು, ತಾರೀಕು ಮುಗಿದದ್ದಂತೂ ಇಡಲೇಬಾರದು. ಬೋಯುವಾನ್ ಕೂಡ ನಗುನಗುತ್ತಲೇ ಇಡುತ್ತಿದ್ದರು, ತಪ್ಪದೆ ಇಡುತ್ತಿದ್ದರು.

ಕಪಾಟಿನಿಂದ ಹೊಸ ಹಸಿರು ಪೊಟ್ಟಣ ತೆಗೆದುಕೊಂಡು ಯುನ್‌ಷಿ ಮೆಟ್ಟಿಲಿಳಿದು ಓಡಿದಳು. ನಾನು ತಡೆಯಲಿಲ್ಲ. ಓಗೊಟ್ಟಿತ್ತಲ್ಲ.

ಓಗೊಟ್ಟದ್ದು ಬಾಗಿಲು ಯಾಕೆ ತೆರೆಯದು ಎಂದು ನೋಡಲು ರೂಟರಿನ ಪುಟ ತೆಗೆದೆ. ಆ ನಂಬರಿನ ಎದುರಿಗೆ ಅತ್ತೆಯ ಟಿವಿಯ ಹೆಸರಿತ್ತು. ಬಿಟ್ಟುಹೋದವರ ನಂಬರನ್ನು ರೂಟರು ಆಮೇಲೆ ಕೇಳಿದವರಿಗೆ ಕೊಟ್ಟುಬಿಡುತ್ತದೆ.

ಕೆಳಗಿನಿಂದ ಅತ್ತೆಯ ದನಿ ಕೇಳಿಸಿತು. "ಬಂದ್ರಪ್ಪಾ ಪೂಜಾರಮ್ಮನೋರು! ಯಂತ್ರಕ್ಕೆ ತಿಂಡಿ, ಅಜ್ಜಿಗೆ ಏನೂ ಇಲ್ವೇನೆ? ಏಯ್, ಆ ಕೋಣೆಗೆ ಹೋಗ್ಬೇಡ, ಇಲ್ಲಿ ಬಾ..."

ಬರಿಗಾಲಲ್ಲಿ ಇಳಿದೆ.

ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದವರು ಎದ್ದು ನಿಂತಿದ್ದರು. ಟಿವಿ ಹಾಡುತ್ತಿತ್ತು. ಕೋಣೆಯ ಮೇಜಿನ ಮೇಲೆ ಕಂಪ್ಯೂಟರ್ ಇದ್ದಷ್ಟಗಲ ಮಾತ್ರ ಧೂಳಿರಲಿಲ್ಲ.

"ನಿನ್ನೆ ಸಂಜೆ ನೀವು ಈಜೋಕೆ ಹೋದಾಗ ಗಾಡಿ ತಂದಿದ್ದ," ಅತ್ತೆ ದನಿ ತಗ್ಗಿಸಿದರು. "ಮಗೂಗೆ ಫೋನ್ ಮಾಡಿ ಹೇಳ್ತೀನಿ ಅಂದ. ಮಾಡಿಲ್ವಾ?"

"ಇಲ್ಲ ಅತ್ತೆ."

"ನಂಗೂ ಮಾಡಿಲ್ಲ ಕಣಮ್ಮ. ಹೆತ್ತೋಳು ನಾನು, ನಂಗೇ ಅಡ್ರೆಸ್ ಕೊಟ್ಟಿಲ್ಲ."

ಯುನ್‌ಷಿ ನೆಲದ ಮೇಲೆ ಕೂತು ತಂತಿಯ ತುದಿಯನ್ನು ಹಿಡಿದುಕೊಂಡಿದ್ದಳು. ಪಕ್ಕ ಕೂತೆ. ಹೇಳಬೇಕಾದವರು ಹೇಳದೆ ಹೋದ ಮಾತನ್ನು ಎಲ್ಲಿಂದ ಶುರುಮಾಡುವುದೋ ತಿಳಿಯಲಿಲ್ಲ.

"ಬಾ ಕಂದಾ, ಗಂಜಿ ಆರ್ತಾ ಇದೆ."

ಅವಳು ಏಳಲಿಲ್ಲ. ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು:

"ಅಮ್ಮಾ, ಅಪ್ಪ ಈಗ ಯಾರ ಮನೆ ನೆಟ್‌ವರ್ಕಲ್ಲಿ ಇದ್ದಾರೆ?"