ಎಲ್ಲರೂ ಉಳಿಸಿದ ವರ್ಷ

ಕ್ಷೌರ ಮುಗಿಸಿ ಎದ್ದು ನಿಂತ ಗಿರಾಕಿಯ ಪ್ಯಾಂಟಿಗೆ ಕುರ್ಚಿಯ ಸೀಟಿನಿಂದ ಒಂದು ಉದ್ದನೆಯ ಟೇಪು ಕಿತ್ತುಕೊಂಡು ಬಂದು ಬಾಲದ ಹಾಗೆ ನೇತಾಡಿತು. ಅವನಿಗೆ ಅದು ತಿಳಿಯಲಿಲ್ಲ. ಕನ್ನಡಿಯಲ್ಲಿ ಕಿವಿಯ ಹಿಂದೆ ಮುಂದೆ ನೋಡಿಕೊಂಡು, ದುಡ್ಡು ಕೊಟ್ಟು, ಬಾಲ ಆಡಿಸಿಕೊಂಡು ಬೀದಿಗಿಳಿದ. ಪಕ್ಕದ ಕುರ್ಚಿಯಲ್ಲಿದ್ದ ಹಿರಿಯರೊಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ ಚಿಕ್ಕಣ್ಣ ನಗು ತಡೆಯಲಾರದೆ ನೊರೆಯನ್ನು ಅವರ ಮೂಗಿಗೂ ಬಳಿದುಬಿಟ್ಟ.

"ನಕ್ಕಿದ್ದು ಸಾಕು, ಟೇಪ್ ಕೊಡು ಇಲ್ಲಿ," ಎಂದ ದೊಡ್ಡಣ್ಣ.

ಅಂಗಡಿ ಅಣ್ಣ ತಮ್ಮಂದಿರದು. ಬೀದಿಯವರೆಲ್ಲ ಅವರನ್ನು ದೊಡ್ಡಣ್ಣ, ಚಿಕ್ಕಣ್ಣ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಇಬ್ಬರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಎರಡು ಕುರ್ಚಿ, ಎರಡು ಕನ್ನಡಿ, ಕಾಯುವವರಿಗೊಂದು ಬೆಂಚು. ಕುರ್ಚಿಗಳ ಸೀಟು ಹರಿದು ತಿಂಗಳುಗಳೇ ಆಗಿದ್ದವು. ಒಳಗಿನ ಸ್ಪ್ರಿಂಗು ಆಗಾಗ ತಲೆಯೆತ್ತಿ ಗಿರಾಕಿಗಳನ್ನು ಮಾತಾಡಿಸುತ್ತಿತ್ತು.

"ಅಣ್ಣಾ, ರಸ್ತೆ ದಾಟಿದ್ರೆ ಸ್ಪ್ರಿಂಗಣ್ಣನ ಕುಶನ್ ಅಂಗಡಿ. ಹೇಳಿದ್ರೆ ಎರಡು ದಿನದಲ್ಲಿ ಹೊಸ ರೆಕ್ಸಿನ್ ಹೊದಿಸ್ಕೊಡ್ತಾನೆ."

"ಈಗ ಬೇಡ. ಕಾಲ ಸರಿ ಇಲ್ಲ. ಬಡ್ಡಿ ಮತ್ತೆ ಏರಿದೆಯಂತೆ, ಬೆಳಿಗ್ಗೆ ಕೇಳ್ಲಿಲ್ವಾ?"

ಆ ವರ್ಷ ಬಾಯಿ ಬಿಟ್ಟರೆ ಎಲ್ಲರದೂ ಅದೇ ಮಾತು. ಮೊದಲು ಸಾಮಾನಿನ ಬೆಲೆಗಳು ಹಿಡಿತ ತಪ್ಪಿ ಏರಿದವು. ಅವಕ್ಕೆ ಕಡಿವಾಣ ಹಾಕಲೆಂದು ಬಡ್ಡಿಯನ್ನು ಏರಿಸಿದರು. ಅದು ಸಾಲದೆಂಬಂತೆ ಇನ್ನೊಮ್ಮೆ, ಮತ್ತೊಮ್ಮೆ ಏರಿಸಿದರು. ಸಾಲ ಮಾಡಿದವರು ನಿಟ್ಟುಸಿರು ಬಿಟ್ಟರು. ದೊಡ್ಡಣ್ಣನಿಗೆ ಸಾಲವಿರಲಿಲ್ಲ. ಅವನ ಕಿವಿಗೆ ಬಿದ್ದದ್ದು ಇನ್ನರ್ಧ ಸುದ್ದಿ ಮಾತ್ರ: ಬ್ಯಾಂಕಿನಲ್ಲಿಟ್ಟ ಠೇವಣಿಗೂ ಈಗ ಹೆಚ್ಚು ಬಡ್ಡಿ. ಅಂದಿನಿಂದ ಅವನ ಸಂಪಾದನೆಯೆಲ್ಲ ಮನೆಗೆ ಹೋಗುವ ಮೊದಲು ಬ್ಯಾಂಕಿಗೆ ಹೋಗತೊಡಗಿತು. ಕತ್ತರಿಯ ಕೆಳಗೆ ತಲೆ ಕೊಟ್ಟು ಕೂತವರು ಎಲ್ಲಿಗೆ ತಾನೇ ಓಡಿಯಾರು? "ನಾವು ಮಲಗಿದ್ರೂ ದುಡ್ಡು ಎದ್ದು ಕೆಲಸ ಮಾಡ್ತಿರುತ್ತೆ ನೋಡಿ," ಎಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದ.

ಉಪದೇಶ ಫಲಿಸಿತು. ತಿಂಗಳಿಗೊಮ್ಮೆ ಬರುತ್ತಿದ್ದವರು ಎರಡು ತಿಂಗಳಿಗೊಮ್ಮೆ ಬರತೊಡಗಿದರು. ಬಂದವರು, "ಇನ್ನೂ ಚಿಕ್ಕದು ಮಾಡಿ, ಬೇಗ ಬೆಳೀಬಾರದು," ಎನ್ನುತ್ತಿದ್ದರು. ಗಡ್ಡಕ್ಕಂತೂ ಯಾರೂ ಕೂರುತ್ತಲೇ ಇರಲಿಲ್ಲ. ದೊಡ್ಡಣ್ಣ ಇದನ್ನು ಕಂಡು ಹೆದರಿದ. ಹೆದರಿ ಇನ್ನಷ್ಟು ಕೈ ಬಿಗಿ ಹಿಡಿದ.

ಅವನ ಹೆಂಡತಿ ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಬಟ್ಟೆ ಅಂಗಡಿಯವರು ಸಾಲ ತಂದು ಸರಕು ತುಂಬುವವರು. ಬಡ್ಡಿ ಏರಿದ್ದೇ ತಡ, ಸರಕು ಅರ್ಧಕ್ಕಿಳಿಸಿ ಅವಳ ಕೆಲಸವನ್ನೂ ನಿಲ್ಲಿಸಿದ್ದರು. ದಪ್ಪ ಬಟ್ಟೆಯನ್ನೂ ಸರಾಗವಾಗಿ ಹೊಲಿಯುವ ಅವಳ ಮಷಿನ್ನು ಮುಸುಕು ಹಾಕಿಕೊಂಡು ಮೂಲೆ ಸೇರಿತ್ತು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಣ್ಣ ಅವಳ ಮುಖ ನೋಡದೆ ಹೇಳಿದ:

"ಅಂಗಡಿ ಇಬ್ಬರಿಗೆ ಸಾಲಲ್ಲ. ಚಿಕ್ಕೋನಿಗೆ ಬೇರೆ ಕಡೆ ನೋಡ್ಕೋ ಅಂತ ಹೇಳ್ಬೇಕು. ಸ್ವಲ್ಪ ದಿನದ ಮಟ್ಟಿಗೆ."

ಅವಳ ಕೈ ತಟ್ಟೆಯಲ್ಲೇ ನಿಂತಿತು. "ಅವನ ಮಗು ಇನ್ನೂ ಮಗುಚಿಕೊಳ್ಳೋಕೆ ಕಲೀತಿದೆ ಕಣ್ರೀ. ಈಗ ಹೇಳ್ತೀರಾ?"

"ನನಗೇನು ಖುಷೀನಾ? ಅಪ್ಪ ಹಾಸಿಗೆ ಹಿಡಿದಾಗ ಮನೇಲಿ ಏನಿತ್ತು ಹೇಳು. ಔಷಧಿಗೋಸ್ಕರ ಯಾರ್ಯಾರ ಮನೆ ಬಾಗಿಲು ಬಡಿದೆ ನಾನು! ಮತ್ತೆ ಆ ಗತಿ ಬರಬಾರದು. ಬ್ಯಾಂಕಲ್ಲಿ ನಾಲ್ಕು ಕಾಸಿದ್ರೆ ನನಗೆ ಧೈರ್ಯ."

"ಉಳಿಸಬೇಡಿ ಅಂತ ನಾನೆಲ್ಲಿ ಅಂದೆ? ಆದ್ರೆ ಆವತ್ತು ಬಾಗಿಲು ಬಡಿಯೋವಾಗ ನಿಮ್ಮ ಜೊತೆ ಯಾರಿದ್ರು? ಅವನೇ ತಾನೆ?"

ದೊಡ್ಡಣ್ಣ ಅನ್ನ ಕಲಸುತ್ತಲೇ ಕೂತ. ಆದರೂ ಮರುದಿನ ಸಂಜೆ, ನೆಲದ ಕೂದಲು ಗುಡಿಸುತ್ತಿದ್ದ ತಮ್ಮನಿಗೆ ಹೇಳಿಯೇಬಿಟ್ಟ. ಚಿಕ್ಕಣ್ಣ ಗುಡಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿಸಿ, ಬಿಳಿ ಬಟ್ಟೆಗಳನ್ನು ಮಡಚಿಟ್ಟು, ತನ್ನ ಕತ್ತರಿ ಬಾಚಣಿಗೆಗಳನ್ನು ಚೀಲಕ್ಕೆ ಹಾಕಿಕೊಂಡ. "ಆಯ್ತಣ್ಣ," ಎಂದಷ್ಟೇ ಹೇಳಿ ಹೋದ. ಜಗಳವಾಡಿದ್ದರೆ ದೊಡ್ಡಣ್ಣನಿಗೆ ಹಗುರವಾಗುತ್ತಿತ್ತು.

ಒಬ್ಬನೇ ಅಂಗಡಿ ನಡೆಸುವುದು ಅವನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಗಂಟೆಗಟ್ಟಲೆ ಯಾರೂ ಬರುತ್ತಿರಲಿಲ್ಲ, ಬಂದರೆ ಮೂವರು ಒಟ್ಟಿಗೆ ಬರುತ್ತಿದ್ದರು. ಒಬ್ಬ ಕೂತರೆ ಇನ್ನಿಬ್ಬರು ಗಡಿಯಾರ ನೋಡಿ ಎದ್ದುಹೋಗುತ್ತಿದ್ದರು. "ಚಿಕ್ಕಣ್ಣ ಇಲ್ವಾ? ಹಾಗಾದ್ರೆ ಅವನು ಬಂದಾಗ್ಲೇ ಬರ್ತೀನಿ," ಎಂದವರೂ ಇದ್ದರು. ಆ ಮಾತು ಸ್ವಲ್ಪ ಚುಚ್ಚಿತು.

ಮೂರು ನಾಲ್ಕು ದಿನ ಕಳೆದಿರಬೇಕು. ನೊಣ ಹೊಡೆಯುತ್ತಾ ಕೂತಿದ್ದ ದೊಡ್ಡಣ್ಣನಿಗೆ ಎದುರಿನ ಕುಶನ್ ಅಂಗಡಿಯಿಂದ ಚಿಕ್ಕಣ್ಣ ತಲೆ ತಗ್ಗಿಸಿ ಹೊರಬರುವುದು ಕಾಣಿಸಿತು. ಕೆಲಸ ಕೇಳಲು ಹೋಗಿರಬೇಕು. ಅಣ್ಣನಿಗೆ ತಡೆಯಲಾಗಲಿಲ್ಲ. ಚಿಕ್ಕಣ್ಣ ಮೂಲೆ ತಿರುಗಿದ ಮೇಲೆ ರಸ್ತೆ ದಾಟಿದ.

ಕುಶನ್ ಅಂಗಡಿಯವನು ಅವನ ಹಳೆಯ ಗೆಳೆಯ. ಹೆಜ್ಜೆ ಹೆಜ್ಜೆಗೂ ಪುಟಿಯುವ ನಡಿಗೆಯಿಂದ ಅವನಿಗೆ ಸ್ಪ್ರಿಂಗಣ್ಣನೆಂಬ ಹೆಸರು ಬಿದ್ದಿತ್ತು. ಈಗ ಅವನು ಪುಟಿಯದೆ, ಸ್ಪಂಜಿನ ರಾಶಿಯ ಮೇಲೆ ಕುಕ್ಕರಿಸಿದ್ದ. ಭುಜದವರೆಗೆ ಬೆಳೆದ ಕೂದಲನ್ನು ಸೆಣಬಿನ ಹುರಿಯಿಂದ ಕಟ್ಟಿಕೊಂಡಿದ್ದ.

"ಏನೋ ಇದು ಅವತಾರ!" ಎಂದು ಬಾಗಿಲಲ್ಲೇ ನಿಂತ ದೊಡ್ಡಣ್ಣ. "ಎಷ್ಟು ದಿನದಿಂದ ನಿನ್ನ ತಲೆ ನನ್ನ ಕೈಗೆ ಬಂದಿಲ್ಲ! ಬೇರೆ ಅಂಗಡಿಗೆ ಹೋಗ್ತಿದ್ದೀಯಾ?"

"ಬೇರೆ ಅಂಗಡಿಗೆ ಹೋಗಿದ್ರೆ ತಲೆ ಹೀಗಿರುತ್ತಿತ್ತಾ? ಕಣ್ಣಿಗೆ ಬೀಳೋದನ್ನ ನನ್ನ ಹೆಂಡತಿ ಬಟ್ಟೆ ಕತ್ತರೀಲಿ ಕತ್ತರಿಸ್ತಾಳೆ. ಉಳಿದಿದ್ದು ಹಾಗೇ ಇರಲಿ ಅಂತ. ಉಳಿತಾಯ ಕಣೋ, ಉಳಿತಾಯ! ನೀನೇ ತಾನೆ ಹೇಳಿಕೊಟ್ಟಿದ್ದು?"

"ನಾನು ಕ್ಷೌರ ಬಿಡು ಅಂದಿದ್ನಾ?"

"ಮತ್ತೆ ನಾನು ಸೀಟಿಗೆ ಟೇಪ್ ಹಚ್ಚು ಅಂದಿದ್ನಾ? ದಿನಾ ನೋಡ್ತೀನಿ ಇಲ್ಲಿಂದ. ಕುಶನ್ ಅಂಗಡಿ ಎದುರಿಗಿಟ್ಕೊಂಡು ಟೇಪ್ ಹಚ್ತಾನೆ ಪುಣ್ಯಾತ್ಮ! ನಿನ್ನ ಗಿರಾಕಿಗಳು ಬಾಲ ಕಟ್ಕೊಂಡು ಹೋಗೋದು ನೋಡಿ ನನಗೆ ನಗು ಬಂದ್ರೂ ಹೊಟ್ಟೆ ಉರಿಯುತ್ತೆ."

"ದುಡ್ಡಿಲ್ಲದೆ ಏನು ಮಾಡ್ಲಿ? ನಿನ್ನಂಥೋರು ಕೂದಲು ಬಿಟ್ಕೊಂಡು ಕೂತ್ರೆ ನನಗೆ ದುಡ್ಡು ಎಲ್ಲಿಂದ ಬರುತ್ತೆ?"

"ನಿನ್ನಂಥೋರು ಟೇಪ್ ಹಚ್ಕೊಂಡು ಕೂತ್ರೆ ನಾನು ಯಾವ ದುಡ್ಡು ತಂದು ಕ್ಷೌರ ಮಾಡಿಸ್ಲಿ?"

ಇಬ್ಬರೂ ಬೆರಳು ಮುಂದೆ ಚಾಚಿ ನಿಂತಿದ್ದರು. ಸದ್ದು ಕೇಳಿ ಪಕ್ಕದ ಬೇಕರಿಯಾಕೆ ಇಣುಕಿ, ಹುರಿ ಕಟ್ಟಿದ ತಲೆಯನ್ನೂ ದೊಡ್ಡಣ್ಣನ ಮೊಣಕೈಗೆ ಅಂಟಿದ್ದ ಟೇಪಿನ ತುಂಡನ್ನೂ ನೋಡಿ ಕಿಸಕ್ಕನೆ ನಕ್ಕಳು. ಮೊದಲು ಸ್ಪ್ರಿಂಗಣ್ಣನ ಮೀಸೆ ಅಲುಗಿತು. ಆಮೇಲೆ ದೊಡ್ಡಣ್ಣನಿಗೂ ತಡೆಯಲಾಗಲಿಲ್ಲ. ಇಬ್ಬರೂ ಸ್ಪಂಜಿನ ರಾಶಿಯ ಮೇಲೆ ಬಿದ್ದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ನಿಂತ ಮೇಲೆ ಸ್ಪ್ರಿಂಗಣ್ಣ ನಿಜ ಹೇಳಿದ. "ಅಂಗಡಿ ಮುಚ್ಚೋಣ ಅಂತಿದ್ದೀನಿ. ನಿನ್ನ ತಮ್ಮ ಕೆಲಸ ಕೇಳ್ಕೊಂಡು ಬಂದಿದ್ದ. ನನ್ನ ಕೆಲಸದ ಹುಡುಗರನ್ನೇ ಮನೆಗೆ ಕಳಿಸಿ ಕೂತಿದ್ದೀನಿ, ಅವನಿಗೆ ಏನು ಕೊಡ್ಲಿ?"

"ಒಂದು ಆರ್ಡರೂ ಇಲ್ವಾ?"

"ಒಂದಿದೆ, ಅದೇ ಸಂಕಟ. ಸಿನಿಮಾ ಥಿಯೇಟರಿನೋರು ಎಲ್ಲಾ ಸೀಟೂ ಹೊಸದು ಮಾಡಿಸ್ಬೇಕಂತೆ. ಆದ್ರೆ ಅವರೂ ಕೈ ಬಿಗಿ ಹಿಡಿದಿದ್ದಾರೆ. ಮೊದಲ ನಾಲ್ಕು ಸಾಲು ಮುಗಿಸಿ ತೋರಿಸು, ಆಮೇಲೆ ದುಡ್ಡು ಅಂತಾರೆ. ಆ ನಾಲ್ಕು ಸಾಲಿಗೆ ರೆಕ್ಸಿನ್ ತರೋಕೆ ನನಗೆ ಸಾಲ ಬೇಕು. ಬ್ಯಾಂಕಿಗೆ ಹೋಗಿ ಬಡ್ಡಿ ಕೇಳ್ದೆ. ಬಂದ ದಾರೀಲೇ ವಾಪಸ್ ಬಂದೆ. ಹೊಲಿಯೋಕೂ ಜನ ಇಲ್ಲ."

ಅಂದು ದೊಡ್ಡಣ್ಣ ಅಂಗಡಿಗೆ ಬೀಗ ಹಾಕಿ ನೇರ ಬ್ಯಾಂಕಿಗೆ ಹೋದ. ಎಂದಿನ ಕಿಟಕಿಗೆ ಹೋಗದೆ ಮ್ಯಾನೇಜರ್ ಮೇಡಂ ಕೋಣೆಯ ಬಾಗಿಲಲ್ಲಿ ನಿಂತ. ಆಕೆ ಅವನನ್ನು ಬಲ್ಲರು. ಅವರ ಯಜಮಾನರು ಅವನ ಗಿರಾಕಿ.

"ಬನ್ನಿ, ಇನ್ನೊಂದು ಠೇವಣೀನಾ?"

"ಇಲ್ಲ ಮೇಡಂ, ಒಂದು ಅನುಮಾನ. ನೀವು ನನಗೆ ಬಡ್ಡಿ ಕೊಡ್ತೀರಲ್ಲ, ಅದು ಎಲ್ಲಿಂದ ಬರುತ್ತೆ?"

ಮೇಡಂ ಕನ್ನಡಕ ತೆಗೆದರು. "ಒಳ್ಳೆ ಪ್ರಶ್ನೆ. ಯಾರೋ ಸಾಲ ತಗೊಂಡು ದುಡಿದು ಕಟ್ಟಿದ ಬಡ್ಡೀಲಿ ನಿಮ್ಮ ಪಾಲು. ಈಗ ನೋಡಿ, ಇಡೋಕೆ ಬರೋರ ಸಾಲು ಬಾಗಿಲು ದಾಟಿದೆ, ತಗೊಳ್ಳೋರು ಇಲ್ಲ. ಕೆಲಸಾನೇ ಇಲ್ಲದಿದ್ರೆ ಯಾರು ಯಾಕೆ ಸಾಲ ತಗೋತಾರೆ?"

"ಅಂದ್ರೆ ನಾನು ಉಳಿಸಿದ್ದು ತಪ್ಪಾ?"

"ಅಯ್ಯೋ, ನಾನು ಹಾಗಂದ್ರೆ ನನ್ನ ಕೆಲಸ ಹೋಗುತ್ತೆ!" ಎಂದು ನಕ್ಕರು ಮೇಡಂ. "ಉಳಿಸ್ಬೇಕು. ಕಾಯಿಲೆ ಕಸಾಲೆಗೆ ಅಂತ ಇರ್ಲೇಬೇಕು. ಬೆಲೆ ಹದಕ್ಕೆ ಬರಲಿ ಅಂತಾನೇ ಬಡ್ಡಿ ಏರಿಸಿರೋದು, ಅದಕ್ಕೆ ಜನ ಸ್ವಲ್ಪ ಕೈ ಬಿಗಿ ಹಿಡೀಬೇಕು ನಿಜ. ಆದ್ರೆ ಎಲ್ಲರೂ ಹೆದರಿ ಒಂದೇ ಸಲ ಪೂರ್ತಿ ಕೈ ಮುಚ್ಚಿಬಿಟ್ರೆ ಹೇಗೆ? ನಮ್ಮ ಮನೆಯೋರು ಈ ಸಲ ಮನೇಲೇ ಕ್ಷೌರ ಮಾಡ್ಕೊಂಡ್ರು. ಒಂದು ವಾರ ಟೋಪಿ ತೆಗೀಲಿಲ್ಲ."

ದೊಡ್ಡಣ್ಣ ಕಾಯಿಲೆ ಕಸಾಲೆಗೆಂದು ಎಷ್ಟಿರಬೇಕೋ ಅಷ್ಟನ್ನು ಮನಸ್ಸಿನಲ್ಲೇ ಬೇರೆ ಮಾಡಿದ. ಅದನ್ನು ಮುಟ್ಟಕೂಡದು. ಉಳಿದದ್ದರಲ್ಲಿ ಒಂದು ಠೇವಣಿಯನ್ನು ಮುರಿಯಬೇಕೆಂದ.

"ಅವಧಿಗೆ ಮೊದಲೇ ತೆಗೆದ್ರೆ ಬಡ್ಡೀಲಿ ಸ್ವಲ್ಪ ಕಡಿತ ಆಗುತ್ತೆ," ಎಂದು ಮೇಡಂ ಎಚ್ಚರಿಸಿದರು.

"ಆಗ್ಲಿ ಮೇಡಂ. ಅದಕ್ಕಿಂತ ಜಾಸ್ತಿ ಆಗ್ಲೇ ಕಡಿತ ಆಗಿದೆ."

ಸ್ಪ್ರಿಂಗಣ್ಣನ ಅಂಗಡಿಗೆ ಹೋದಾಗ ಅವನು ಅದೇ ರಾಶಿಯ ಮೇಲೆ ಕೂತಿದ್ದ. "ಎರಡು ಕುರ್ಚಿ, ಒಂದು ಬೆಂಚು," ಎಂದು ದೊಡ್ಡಣ್ಣ ಹಣ ಮುಂದಿಟ್ಟ. "ಪೂರ್ತಿ ಈಗ್ಲೇ ತಗೋ. ಇದು ಸಾಲ ಅಲ್ಲ, ಕೆಲಸದ ದುಡ್ಡು; ಮಿಕ್ಕಿದ್ದು ಮುಂದಿನ ಕೆಲಸಕ್ಕೆ ಮುಂಗಡ. ಆದ್ರೆ ನನ್ನ ಕುರ್ಚಿಗೆ ಅವಸರ ಇಲ್ಲ. ಮೊದಲು ಆ ಥಿಯೇಟರಿನ ನಾಲ್ಕು ಸಾಲಿಗೆ ರೆಕ್ಸಿನ್ ತಂದ್ಕೋ."

ಸ್ಪ್ರಿಂಗಣ್ಣ ಎದ್ದು ನಿಂತ. ತಲೆಯ ಹುರಿ ಬಿಚ್ಚಿ ಕೈಗೆ ಸುತ್ತಿಕೊಂಡ. "ಹೊಲಿಯೋರು?" ಎಂದ ಕೊನೆಗೆ.

"ನಮ್ಮ ಮನೇಲಿ ಒಂದು ಮಷಿನ್ ಸುಮ್ನೆ ಕೂತಿದೆ. ಅದರ ಒಡತಿ ನನ್ನ ಮೇಲೆ ಮುನಿಸ್ಕೊಂಡು ಕೂತಿದ್ದಾಳೆ. ಕೂಲಿ ಮಾತ್ರ ಅವಳ ಹತ್ರಾನೇ ಮಾತಾಡು. ನಾನು ಕೇಳಿದ್ರೆ ಮುಖಕ್ಕೇ ಹೊಡೀತಾಳೆ."

ಅವಳು ಹೊಡೆಯಲಿಲ್ಲ. ಸ್ಪ್ರಿಂಗಣ್ಣ ಹೇಳಿದ ಕೂಲಿಯನ್ನು ಚೌಕಾಸಿ ಮಾಡಿ ತುಸು ಏರಿಸಿ, ಮಷಿನ್ನಿನ ಮುಸುಕು ತೆಗೆದು ಎಣ್ಣೆ ಬಿಟ್ಟಳು. ನಂತರ ಗಂಡನ ಕಡೆ ತಿರುಗಿ, "ಇದೆಲ್ಲ ಸರಿ. ಇನ್ನೊಂದು ಬಾಗಿಲಿಗೆ ಯಾವಾಗ ಹೋಗ್ತೀರಿ?" ಎಂದಳು.

ಮರುದಿನ ಬೆಳಿಗ್ಗೆ ದೊಡ್ಡಣ್ಣ ತಮ್ಮನ ಮನೆಯ ಬಾಗಿಲು ತಟ್ಟಿದ. ತಮ್ಮನ ಹೆಂಡತಿ ಬಾಗಿಲು ತೆಗೆದು, "ಬನ್ನಿ ಭಾವ," ಎಂದಳು. ಮಾತಿನಲ್ಲಿ ಮರ್ಯಾದೆಯಿತ್ತು, ಮುಖದಲ್ಲಿ ನಗುವಿರಲಿಲ್ಲ. ಚಿಕ್ಕಣ್ಣ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದ. ದೊಡ್ಡಣ್ಣ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಗಿರಾಕಿಗಳು ನಿನ್ನನ್ನೇ ಕೇಳ್ತಾರೆ," ಎಂದ.

"ಹೌದಾ?"

"ನಾನೂ ಕೇಳ್ತಿದ್ದೀನಿ ಕಣೋ. ತಪ್ಪಾಯ್ತು. ನೀನು ಜೊತೆಗಿರೋದೇ ನನಗೆ ಧೈರ್ಯ ಅನ್ನೋದನ್ನ ಮರೆತು, ಧೈರ್ಯ ಬ್ಯಾಂಕಲ್ಲಿದೆ ಅಂದ್ಕೊಂಡೆ."

ಚಿಕ್ಕಣ್ಣ ಮಗುವಿನ ಹೊದಿಕೆ ಸರಿಪಡಿಸಿದ. "ಬರ್ತೀನಿ. ಆದ್ರೆ ಒಂದು ಮಾತು. ಇನ್ಮೇಲೆ ನನ್ನನ್ನ ಕೇಳ್ದೆ ಅಂಗಡಿ ವಿಷಯ ತೀರ್ಮಾನ ಮಾಡ್ಬಾರ್ದು."

"ಇಲ್ಲ."

"ಗಿರಾಕಿಗಳಿಗೆ ಬಡ್ಡಿ ಪಾಠಾನೂ ಮಾಡ್ಬಾರ್ದು."

ದೊಡ್ಡಣ್ಣ ತಲೆ ಕೆರೆದುಕೊಂಡ. "ಅದು ಸ್ವಲ್ಪ ಕಷ್ಟ. ಪ್ರಯತ್ನ ಪಡ್ತೀನಿ."

ಆಗ ತಮ್ಮನ ಹೆಂಡತಿಯೂ ನಕ್ಕಳು. ಮಗುವನ್ನು ಎತ್ತಿ ಭಾವನ ತೊಡೆಯ ಮೇಲೆ ಮಲಗಿಸಿ, ಕಾಫಿ ಮಾಡಲು ಒಳಗೆ ಹೋದಳು.

ನಾಲ್ಕು ಸಾಲು ಮುಗಿಯಿತು. ಥಿಯೇಟರಿನವರು ಹೇಳಿದಂತೆ ಹಣ ಕೊಟ್ಟರು. ಸ್ಪ್ರಿಂಗಣ್ಣ ತನ್ನ ಹುಡುಗರನ್ನು ವಾಪಸ್ ಕರೆಸಿದ. ಅವರು ಬಂದ ವಾರವೇ ಬೇಕರಿಯಲ್ಲಿ ಸಂಜೆಯ ಬ್ರೆಡ್ಡು ಮಿಗದಂತಾಯಿತು. ದೊಡ್ಡಣ್ಣನ ಹೆಂಡತಿ ಒಬ್ಬಳಿಂದ ಆಗದೆ ಪಕ್ಕದ ಮನೆಯವಳನ್ನೂ ಹೊಲಿಗೆಗೆ ಕೂರಿಸಿಕೊಂಡಳು. ಕ್ಷೌರದ ಅಂಗಡಿಯ ಹೊಸ ರೆಕ್ಸಿನ್ ಸೀಟುಗಳ ಮೇಲೆ ಗಿರಾಕಿಗಳು ಮತ್ತೆ ತಿಂಗಳಿಗೊಮ್ಮೆ ಬಂದು ಕೂರತೊಡಗಿದರು. ಬಡ್ಡಿಯೇನೂ ಇಳಿದಿರಲಿಲ್ಲ. ಬೀದಿ ಮಾತ್ರ ಬೆಳಿಗ್ಗೆ ಬೇಗ ಬಾಗಿಲು ತೆರೆಯತೊಡಗಿತ್ತು.

ಸೀಟುಗಳ ಕೆಲಸಕ್ಕೆಂದು ಮುಚ್ಚಿದ್ದ ಥಿಯೇಟರ್ ಮತ್ತೆ ತೆರೆದ ದಿನ ಎರಡೂ ಮನೆಯವರು ಮಧ್ಯಾಹ್ನದ ಆಟಕ್ಕೆ ಹೋದರು. ದೊಡ್ಡಣ್ಣನ ಹೆಂಡತಿ ಸಿನಿಮಾ ನೋಡಿದ್ದಕ್ಕಿಂತ ಸೀಟಿನ ಅಂಚಿನ ಹೊಲಿಗೆಯನ್ನು ಸವರಿ ನೋಡಿದ್ದೇ ಹೆಚ್ಚು. ಮಧ್ಯಂತರದಲ್ಲಿ ಅಣ್ಣ ತಮ್ಮ ಇಬ್ಬರೂ ಎಲ್ಲರಿಗೂ ಕಾಫಿ ತರಲು ಎದ್ದರು. ಕೌಂಟರಿನ ಮುಂದೆ ನೂಕುನುಗ್ಗಲು. ಕೈಯಲ್ಲಿ ಲೋಟಗಳನ್ನು ಹಿಡಿದು, ಚೆಲ್ಲದಂತೆ ಮೊಣಕೈ ಅಗಲಿಸಿ ದಾರಿ ಮಾಡಿಕೊಳ್ಳುತ್ತಾ ದೊಡ್ಡಣ್ಣ ಕೇಳಿದ:

"ಚಿಕ್ಕೋನೇ, ನಮ್ಮ ಅಂಗಡೀಲಿ ಕಿಟಕಿ ಪಕ್ಕ ಜಾಗ ಖಾಲಿ ಬಿದ್ದಿದೆಯಲ್ಲ, ಅಲ್ಲಿ ಇನ್ನೊಂದು ಕುರ್ಚಿ ಹಾಕಿದ್ರೆ ಹೇಗೆ?"

ಚಿಕ್ಕಣ್ಣ ನಿಂತುಬಿಟ್ಟ. "ನನ್ನನ್ನ ಕೇಳ್ತಿದ್ದೀಯಾ, ಹೇಳ್ತಿದ್ದೀಯಾ?"

"ಕೇಳ್ತಿದ್ದೀನಿ."

"ಹಾಕೋಣ. ಆದ್ರೆ ಆ ಕುರ್ಚಿಗೆ ಕೆಲಸದೋರು?"

"ಅದನ್ನೂ ನಿನ್ನನ್ನೇ ಕೇಳ್ತಿದ್ದೀನಿ. ಕೆಲಸ ಇಲ್ಲದೆ ಕೂತಿರೋರು ಯಾರಾದ್ರೂ ಗೊತ್ತಿದ್ರೆ ನಾಳೇನೇ ಬರೋಕೆ ಹೇಳು," ಎಂದು ದೊಡ್ಡಣ್ಣ ಬಿಸಿ ಲೋಟಗಳನ್ನು ಎತ್ತಿಹಿಡಿದು, ಗಂಟೆ ಬಾರಿಸುವುದರೊಳಗೆ ತನ್ನವರ ಸಾಲು ಹುಡುಕುತ್ತಾ ಒಳಗೆ ನಡೆದ.