ಒರೆಸ್ಟನ ಕಿಸೆ

"ಹೋದವನೊಬ್ಬ ಇನ್ನೂ ಇದ್ದಾನೆ," ಎಂದಳು ಗ್ಲೆಂಡಾ. ಒರೆಸ್ಟ್ ಹಾಲಿಕ್ ಇನ್ನೂ ಎರಡನೆಯ ಕೈಗವಸು ಬಿಚ್ಚಿರಲಿಲ್ಲ.

"ಎಲ್ಲಿ?"

"ಎಲ್ಲಾ ಕಡೆ. ನೌಕರರ ಪಟ್ಟೀಲಿ ಹೆಸರು ಬರ್ತಿದೆ. ಮೀಟಿಂಗಿಗೆ ಕರೆ ಹೋಗ್ತಿದೆ. ಕಾರ್ಡ್ ಹಿಡಿದ್ರೆ ಬಾಗಿಲೂ ತೆಗೀತಿದೆಯಂತೆ. ದಾಖಲೇಲಿ ನಿನ್ನೇನೇ ತೆಗೆದುಹಾಕಿದೀವಿ ಅಂತಾರೆ ಮೇಲಿನವರು. ಅಂದ್ಮೇಲೆ ನಿನ್ನ ಕಿಸೆದೇ ಕಿತಾಪತಿ, ಇನ್ಯಾರದು?"

"ಯಾರು ಅವನು?"

"ಹೆಸರು ಹೇಳೋ ಹಾಗಿಲ್ಲ." ಆಕೆ ಅವನ ಮೇಲಧಿಕಾರಿ, ಆದರೆ ಮಾತಾಡುತ್ತಿದ್ದದ್ದು ಅವನ ಭುಜದ ಮೇಲಿನ ಹಿಮದ ಪುಡಿಯ ಜೊತೆ. "ಹುಡುಕಿ ಒರೆಸಿಬಿಡು, ಒರೆಸ್ಟ್. ಇವತ್ತೇ."

ವಿನಿಪೆಗ್ಗಿನ ಫೆಬ್ರುವರಿ. ಸೀನಿದರೆ ಮೂಗಿನಿಂದ ಮೊಳೆ ಉದುರುವಂಥ ಚಳಿ. ಕಿಟಕಿಯಾಚೆ ಕಾರುಗಳೆಲ್ಲ, ಹೆಪ್ಪುಗಟ್ಟದಿರಲೆಂದು ಇಂಜಿನ್ನಿಗೆ ಕರೆಂಟಿನ ತಂತಿ ಚುಚ್ಚಿಸಿಕೊಂಡು, ದೊಡ್ಡಾಸ್ಪತ್ರೆಯ ರೋಗಿಗಳ ಹಾಗೆ ಸಾಲಾಗಿ ಬಿದ್ದಿದ್ದವು. ಒರೆಸ್ಟ್ ಕೋಟನ್ನು ಕುರ್ಚಿಗೆ ತೊಡಿಸಿ ಕೂತ.

ಕಿಸೆಯೆಂದರೆ ಅವನ ಜೀವಮಾನದ ಸಾಧನೆ. ಧಾನ್ಯದ ಲಾರಿಗಳ ಲೆಕ್ಕವಿಡುವ ಆ ಕಂಪನಿಯ ಕೋಡಿಗೆಲ್ಲ ಆಧಾರವಾದ ಲೈಬ್ರರಿಯೊಂದಿತ್ತು. ಪುಸ್ತಕಗಳಿಲ್ಲದ ಲೈಬ್ರರಿ. ಅದರ ಹೊಟ್ಟೆಯೊಳಗೆ ಈ ಕಿಸೆ. ಲಾರಿಯ ಲೆಕ್ಕದ್ದಾಗಲಿ, ಬಾಗಿಲ ಬೀಗದ್ದಾಗಲಿ, ಯಾವ ಪ್ರೋಗ್ರಾಮು ಏನನ್ನು ಕೇಳಿದರೂ ಮೊದಲ ಸಲ ಮಾತ್ರ ಅದು ದೂರದ ದಾಖಲೆಯ ತನಕ ಓಡುತ್ತದೆ. ತಂದದ್ದನ್ನು ನೆನಪಿನಲ್ಲಿ, ಕೈಗೆಟಕುವ ಹಾಗೆ, ಇಟ್ಟುಕೊಳ್ಳುತ್ತದೆ. ಮತ್ತೆ ಯಾರು ಕೇಳಿದರೂ ಕಣ್ಣೆತ್ತದೆ ಕಿಸೆಯಿಂದಲೇ ತೆಗೆದುಕೊಡುತ್ತದೆ. ಇಂಥದಕ್ಕೆ ಊರೆಲ್ಲ ಕ್ಯಾಶ್ ಎನ್ನುತ್ತದೆ, ದುಡ್ಡಿನದಲ್ಲ. ಒರೆಸ್ಟ್ ಅದನ್ನು ಬರೆಯುವ ಮೊದಲು ಒಂದು ಲಾರಿಯ ವಿವರ ತೆರೆಯುವಷ್ಟರಲ್ಲಿ ಅದರೊಳಗಿನ ಗೋಧಿ ಮೊಳೆತು, ತೆನೆ ಕಟ್ಟಿ, ಇನ್ನೊಂದು ಕೊಯ್ಲಿಗೆ ಬರುತ್ತಿತ್ತು. ಬರೆದ ಮೇಲೆ, ಪ್ರಶ್ನೆ ಬಾಯಿಂದ ಪೂರ್ತಿ ಹೊರಡುವ ಮೊದಲೇ ಉತ್ತರ ಬಂದು ಹಲ್ಲಿಗೆ ಬಡಿಯುತ್ತಿತ್ತು. ಉತ್ತರ ಅಮೆರಿಕದಲ್ಲಿ ಇಂಥ ಕಿಸೆ ಇನ್ನೊಂದಿಲ್ಲವೆಂದು ಒರೆಸ್ಟ್ ನಂಬಿದ್ದ. ದಕ್ಷಿಣದ ಬಗ್ಗೆ ಖಾತ್ರಿಯಿರಲಿಲ್ಲ.

ಇದ್ದದ್ದು ಒಂದೇ ಕೊರತೆ. ತಾನು ಇಟ್ಟುಕೊಂಡದ್ದು ಹೊರಗೆ ಬದಲಾಗಿದೆಯೇ ಎಂದು ಅದು ಎಂದೂ ವಿಚಾರಿಸುತ್ತಿರಲಿಲ್ಲ. ವಿಚಾರಿಸುವುದು ನಿಧಾನದ ಕೆಲಸ.

"ಏನಪ್ಪಾ, ನಿನ್ನ ಕಿಸೇಲಿ ದೆವ್ವ ಸೇರ್ಕೊಂಡಿದೆಯಂತೆ?" ಪಕ್ಕದ ಮೇಜಿನ ರೆಮಿ ಕುರ್ಚಿಯನ್ನೇ ಉರುಳಿಸಿಕೊಂಡು ಬಂದ.

"ಒಂದೇ ಒಂದು."

"ನಾನೇ ಇರ್ಬೇಕು ನೋಡೋ. ನಮ್ಮನೇಲಿ ನನ್ನ ಕೈಬಿಟ್ಟು ಯಾವ ಕಾಲ ಆಯ್ತು!"

"ನಿನ್ನನ್ನ ಯಾರು ಇಟ್ಕೊಂಡಾರು, ಹೋಗಯ್ಯ."

ರೆಮಿ ಗಹಗಹಿಸಿದ. ಆರು ಮಹಡಿ ಕೆಳಗಿದ್ದವರ ಕಾಫಿ ತುಳುಕಬೇಕು, ಅಂಥ ನಗು. ನಿನ್ನೆ ಬೇರೆ ಮಾತಿಗೆ ನಕ್ಕದ್ದೂ ಇದೇ ನಗುವೇ ಎಂದು ಒರೆಸ್ಟ್‌ಗೆ ಅನ್ನಿಸಿತು.

ಹೆಸರಿಲ್ಲದೆ ಹುಡುಕುವುದು ಕಷ್ಟವಾಗಲಿಲ್ಲ. ಕಿಸೆಯೊಳಗಿನ ಪ್ರತಿಯೊಬ್ಬನನ್ನೂ ದಾಖಲೆಯಲ್ಲಿರುವವನ ಪಕ್ಕ ನಿಲ್ಲಿಸಿ, ತಾಳೆಯಾಗದವನನ್ನು ಮಾತ್ರ ತೋರಿಸು ಎಂದು ಬರೆದ. ಪರದೆ ಒಬ್ಬನನ್ನು ತೋರಿಸಿತು.

ಹಾಲಿಕ್, ಒರೆಸ್ಟ್.

ದಾಖಲೆಯಲ್ಲಿ: ಸೇವೆ ಮುಕ್ತಾಯ. ಕಿಸೆಯಲ್ಲಿ: ಸೇವೆಯಲ್ಲಿದ್ದಾನೆ. ಜೊತೆಗೊಂದು ಹಳೆಯ ಭಾವಚಿತ್ರ. ಆಗ ತಲೆಯಲ್ಲಿ ಕೂದಲೂ ಮುಖದಲ್ಲಿ ಎಂಥದೋ ನಿರೀಕ್ಷೆಯೂ ಇದ್ದವು.

ಅವನಿಗೆ ಮೊದಲು ಹೆಮ್ಮೆಯಾಯಿತು. ಬರೆದದ್ದು ಮೊದಲ ಏಟಿಗೇ ಕೆಲಸ ಮಾಡಿತ್ತು. ಆಮೇಲೆ ಬೇರೇನಾದರೂ ಅನ್ನಿಸಬಹುದೆಂದು ಕೂತು ಕಾದ. ಅನ್ನಿಸಲಿಲ್ಲ. ಎದ್ದು ಗ್ಲೆಂಡಾಳ ಕೋಣೆಗೆ ಹೋದ.

"ಸಿಕ್ಕಿದ."

"ಓ." ಆಕೆ ಮೇಜಿನ ಮೇಲಿನ ಮಗ್ಗನ್ನು ಎಡದಿಂದ ಬಲಕ್ಕಿಟ್ಟಳು. "ಹೆಸರು ನೋಡಿದ್ಯಾ?"

"ನೋಡೋ ಹಾಗಿಲ್ಲ ಅಂದ್ರಲ್ಲ."

"ಹೌದ್ಹೌದು. ಒಳ್ಳೇದಾಯ್ತು." ಮಗ್ಗು ಬಲದಿಂದ ಎಡಕ್ಕೆ ಬಂತು.

"ಇವತ್ತೇ ಆಗ್ಬೇಕಾ?"

"ನಾಳೆ ಬೆಳಿಗ್ಗೆ ಒಂದು ಮೀಟಿಂಗಿದೆ. ಅದಕ್ಕೆ ಮುಂಚೆ ಎಲ್ಲಾ ಕ್ಲೀನಾಗಿರ್ಲಿ ಅಂತ. ಬೇರೆಯವರಿಗೆ ಕೊಡೋಣ ಅಂದ್ರೆ, ಆ ಕಿಸೆ ಒಳಗೆ ಕೈಹಾಕೋಕೆ ಯಾರಿಗ್ ಬರುತ್ತೆ ಹೇಳು?"

"ಮೀಟಿಂಗಿಗೆ ನಾನೂ ಬರ್ಬೇಕಾ?"

ಗ್ಲೆಂಡಾ ಮೊದಲ ಸಲ ಅವನ ಮುಖ ನೋಡಿದಳು. "ಬರ್ತೀಯ," ಎಂದಳು.

ಮೇಜಿಗೆ ಬಂದು ಮನೆಗೆ ಫೋನ್ ಮಾಡಿದ. ಹೆಂಡತಿ ಮಾರ್ಲಿಸ್ ಎತ್ತಿದಳು. ಹಿಂದೆ ನಲ್ಲಿ ನಯಾಗರದಂತೆ ಭೋರ್ಗರೆಯುತ್ತಿತ್ತು.

"ಮಾರ್ಲಿಸ್, ನನ್ನನ್ನ ಕೆಲಸದಿಂದ ತೆಗೆದಿದ್ದಾರೆ."

"ಹ್ಞೂಂ, ಒಳ್ಳೇದು. ಊಟ ಆಯ್ತಾ?"

"ಕೇಳಿಸ್ತಾ ನಾನು ಹೇಳಿದ್ದು?"

"ಕೇಳಿಸ್ತು ಕಣೋ. ಡಬ್ಬೀಲಿ ಪೆರೋಗಿ ಕಡುಬಿದೆ, ಬಿಸಿ ಮಾಡ್ಕೋ. ಬರ್ತಾ ಹಾಲು ತಗೊಂಬಾ."

ಒರೆಸ್ಟ್‌ಗೆ ಸಿಟ್ಟು ಬರಲಿಲ್ಲ. ಎಂಥ ವೇಗ ಎಂದು ಮೆಚ್ಚಿಕೊಂಡ. ಮದುವೆಯಾದ ಹೊಸದರಲ್ಲಿ ಆಕೆ ಒಮ್ಮೆ ದಾಖಲೆಯ ತನಕ ಓಡಿ ಅವನನ್ನು ತಿಳಿದುಕೊಂಡು ಬಂದಿದ್ದಳು; ಅಲ್ಲಿಂದಾಚೆ ಎಲ್ಲವೂ ಕಿಸೆಯಿಂದ. ಬೇರೆಯವರ ಕಿಸೆಯನ್ನು ಹೀಗೆ ಪರೀಕ್ಷಿಸುವುದರಲ್ಲಿ ಸಣ್ಣ ಸುಖವಿತ್ತು. ಆ ಸುಖದಲ್ಲೇ ಫೋನಿಡಲು ಹೊರಟ.

"ಸರಿ. ನಿಮ್ಮಮ್ಮನ ಮಂಡಿನೋವು ಹೇಗಿದೆ?"

ನಲ್ಲಿ ನಿಂತಿತು.

"ಅಮ್ಮನ್ನ ಅಕ್ಟೋಬರಲ್ಲಿ ಹೂತು ಬಂದ್ವಲ್ಲ, ಒರೆಸ್ಟ್. ಪೆಟ್ಟಿಗೆಗೆ ನೀನೂ ಹೆಗಲು ಕೊಟ್ಟಿದ್ದೆ."

"ಹೌದು."

"ಹ್ಞೂಂ."

"ಅದೇ. ಬಾಯಿತಪ್ಪಿ..."

"ಎರಡು ಪರ್ಸೆಂಟ್ ಕೊಬ್ಬಿಂದೇ ತಗೋ," ಎಂದಳು. "ಹಾಲು." ನಲ್ಲಿ ಮತ್ತೆ ಭೋರ್ಗರೆಯಿತು.

ಅವನು ಫೋನಿಟ್ಟ. ಮಂಡಿಯೊಂದು, ಅದನ್ನು ಹೊತ್ತವಳಿಲ್ಲದೆ, ಅವನ ತಲೆಯೊಳಗೆ ಇನ್ನೂ ನೋಯುತ್ತಿತ್ತು.

ಕಿಸೆಯೊಳಗಿನ ಹೆಸರನ್ನು ಹಾಗೇ ಬಿಟ್ಟುಬಿಡಬಹುದಿತ್ತು. ಸಿಗಲಿಲ್ಲ, ನಾಳೆ ನೋಡೋಣ ಎಂದರೆ ಮುಗಿಯಿತು. ಕಿಸೆಯನ್ನು ಅವನಲ್ಲದೆ ಬಿಚ್ಚುವವರಿಲ್ಲ. ಯಾರಾದರೂ ಯಂತ್ರವನ್ನೇ ನಿಲ್ಲಿಸುವ ತನಕ ಬಾಗಿಲು ತೆರೆಯುತ್ತದೆ, ರೆಮಿ ನಗುತ್ತಾನೆ, ಪಟ್ಟಿಯಲ್ಲಿ ಹೆಸರು ಬರುತ್ತದೆ. ನಾಳೆಯ ಮೀಟಿಂಗಿನಲ್ಲಿ ಏನೇ ಹೇಳಲಿ, ತಲೆಯಾಡಿಸಿ ಬಂದು ಇದೇ ಕುರ್ಚಿಯಲ್ಲಿ ಕೂತರೆ ಯಾರಿಗೆ ತಿಳಿದೀತು? ಹೀಗೆಯೇ ನೂರು ವರ್ಷ ನಡೆಸಿಬಿಡಬಹುದು. ಇಲ್ಲಿಯವರೆಗೆ ನಡೆಸಿದ್ದು ಇದಕ್ಕಿಂತ ಬೇರೆಯೇ?

ಆದರೆ ಕೋಡು ಕೆಟ್ಟದಾಗಿ ಉಳಿಯುತ್ತದೆ. ಮುಂದೆಂದೋ ಯಾವನೋ ತೆರೆದು ನೋಡಿ, ಯಾವ ದಡ್ಡ ಬರೆದಿದ್ದು ಇದನ್ನ, ಅನ್ನುತ್ತಾನೆ. ಹೋದದ್ದನ್ನೂ ಇರುವುದೆಂದು ಕೊಡುವ ಕಿಸೆಯಂತೆ! ಒರೆಸ್ಟ್‌ನ ಕಿವಿ ಬಿಸಿಯಾಯಿತು. ಕೆಲಸ ಹೋದದ್ದಕ್ಕೆ ಆಗದಿದ್ದ ಅವಮಾನ ಇದಕ್ಕಾಯಿತು.

ಬರೆದ. ಹೊರಗೆ ಏನೇ ಬದಲಾದರೂ ಆ ಕ್ಷಣವೇ ಕಿಸೆಯಿಂದ ಕಿತ್ತೆಸೆಯುವ ಕೆಲವೇ ಸಾಲು. ಅಷ್ಟು ಅಚ್ಚುಕಟ್ಟಾದ ಸಾಲುಗಳನ್ನು ಭೂಮಿ ಹುಟ್ಟಿದಾಗಿನಿಂದ ಯಾರೂ ಬರೆದಿರಲಿಲ್ಲ. ನಿಯಮದ ಪ್ರಕಾರ ಇನ್ನೊಬ್ಬರು ಓದಿ ಒಪ್ಪಬೇಕು. ರೆಮಿಗೆ ಕಳಿಸಿದ. ಕಳಿಸಿದ ಬೆರಳು ಮೇಲೇಳುವ ಮೊದಲೇ ಒಪ್ಪಿಗೆ ಬಂತು.

"ಓದಿದ್ಯೇನೋ?"

"ನೀನು ಬರ್ದಿದ್ದಲ್ವಾ ಗುರುವೇ, ಓದೋದೇನಿದೆ?"

"ಒಂದ್ಸಲ ಓದು. ಪರೀಕ್ಷೆಗೆ ಯಾರ ಹೆಸರು ಹಾಕಿದೀನಿ ನೋಡು."

"ಸೂಪರ್ರಾಗಿದೆ ಬಿಡೋ!" ರೆಮಿ ಆಗಲೇ ಕಿವಿಗೆ ಹಾಡು ತುರುಕಿಕೊಂಡಿದ್ದ.

ಕೋಡು ಜಾರಿಗೆ ಬಂತು. ಒರೆಸ್ಟ್ ಲೈಬ್ರರಿಯನ್ನು ಕೇಳಿದ: ಹಾಲಿಕ್, ಒರೆಸ್ಟ್? ಅದು ಒಂದು ಗಳಿಗೆ ತಡೆಯಿತು. ದೂರದ ದಾಖಲೆಯವರೆಗೆ ನಿಜವಾಗಿಯೂ ಹೋಗಿ, ನೋಡಿ, ಬಂತು: ಸೇವೆ ಮುಕ್ತಾಯ. ಇವತ್ತಿಡೀ ದಿನದಲ್ಲಿ ತನಗಾಗಿ ಅಷ್ಟು ದೂರ ಹೋಗಿಬಂದದ್ದು ಅದೊಂದೇ.

ಪರದೆಯ ಮೇಲಿನ ಪರೀಕ್ಷೆಯನ್ನು ಅವನು ಎಂದೂ ಪೂರ್ತಿ ನಂಬಿದವನಲ್ಲ. ಎದ್ದ. ಅಂಗಿಯಲ್ಲೇ ಮೆಟ್ಟಿಲಿಳಿದು, ಕೆಳಗಿನ ಗಾಜಿನ ಬಾಗಿಲು ತಳ್ಳಿ, ಹೊರಬಾಗಿಲಿನ ಚಳಿಗೂ ಒಳಬಾಗಿಲಿನ ಶಾಖಕ್ಕೂ ನಡುವಿನ ಆ ಗಾಜಿನ ಗೂಡಿನಲ್ಲಿ ನಿಂತ. ಒಳಬಾಗಿಲು ಹಿಂದಿನಿಂದ ಮುಚ್ಚಿಕೊಳ್ಳುವವರೆಗೂ ಕಾದು, ಕಾರ್ಡು ಹಿಡಿದ.

ಕೆಂಪು ದೀಪ.

ತಿರುಗಿಸಿ ಹಿಡಿದ. ಕೆಂಪು.

"ಸರಿಯಾಗಿದೆ," ಎಂದ ಗಟ್ಟಿಯಾಗಿ.

ಆಮೇಲೆ ನೆನಪಾಯಿತು: ಕೋಟು, ಕೈಗವಸು, ಕಾರಿನ ಕೀಲಿ, ಫೋನು, ಎಲ್ಲವೂ ಮೇಲೆ. ಹೊರಬಾಗಿಲು ಯಾರಿಗಾದರೂ ತೆರೆಯುತ್ತದೆ; ಅದರಾಚೆ ಕತ್ತಲಾಗುತ್ತಿತ್ತು, ಹಿಮ ಗಾಜಿಗೆ ಉಪ್ಪಿನಂತೆ ರಾಚುತ್ತಿತ್ತು. ಅವನು ಅಲುಗದೆ ನಿಂತ. ಅಲುಗದಿದ್ದದ್ದರಿಂದ, ಒಳಗೆ ಯಾರೂ ಇಲ್ಲವೆಂದು ತಿಳಿದು, ತಲೆಯ ಮೇಲಿನ ದೀಪ ತಾನಾಗಿ ಆರಿತು.

ಒರೆಸ್ಟ್ ಕೈ ಎತ್ತಿ ಆಡಿಸಿದ. ದೀಪ ಹತ್ತಿತು.

ಒಳಗಿನ ಮೊಗಸಾಲೆಯಲ್ಲಿ ಗ್ಲೆಂಡಾ, ರೆಮಿ ಮಗ್ಗು ಹಿಡಿದು ಹಾದುಹೋಗುತ್ತಿದ್ದರು. ಬೆಳಕಿನಲ್ಲಿ ಎತ್ತಿದ ಕೈ ಕಂಡು ಇಬ್ಬರೂ ನಕ್ಕು, ದಿನವೂ ಬೀಸುವ ಹಾಗೆ ಕೈಬೀಸಿ, ಮಾತು ಮುಂದುವರಿಸುತ್ತ ಹೋದರು.

ದೀಪ ಆರಿತು. ಅವನು ಮತ್ತೆ ಕೈ ಎತ್ತಿದ.