ಸ್ಟೆಪ್ನಿಯ ಜಾಗದಲ್ಲೊಂದು ಡಬ್ಬ

ವೆತೂರಿಯಾ ಟೈರು ರಿಪೇರಿ ಕಲಿತದ್ದು ಹೊಟ್ಟೆಪಾಡಿಗಲ್ಲ, ಒಬ್ಬನ ಮೇಲಿನ ಹಗೆಗೆ. ನಲವತ್ತೈದು ದಾಟಿದ ಮೇಲೆ ಶಾಲೆಯ ಅಡುಗೆ ಕೆಲಸ ಬಿಟ್ಟು, ಲೊತ್ರು ಕಣಿವೆಯ ರಸ್ತೆಯಲ್ಲಿ ಬಾಗಿಲು ಮುಚ್ಚಿದ್ದ ಟೈರಂಗಡಿಯನ್ನು ಬಾಡಿಗೆಗೆ ಹಿಡಿದಾಗ ಇವಳಿಗೆ ತಲೆ ಕೆಟ್ಟಿತು ಎಂದು ಊರವರು ನಕ್ಕರು. ತಲೆ ನೆಟ್ಟಗೇ ಇತ್ತು. ರೇಮುಸ್ ಪರ್ಲೆಯಾ ಎಂಬ ಕಾರು ವ್ಯಾಪಾರಿಯ ಹುಟ್ಟೂರು ಆ ರಸ್ತೆಯ ತುದಿಯಲ್ಲಿತ್ತು. ಪಕ್ಕದ ಬಂಡೆಗಳಿಂದ ವರ್ಷವಿಡೀ ಚೂಪು ಕಲ್ಲು ಉದುರುವ ರಸ್ತೆ ಅದು. ಅವನು ಎಂದಾದರೊಂದು ದಿನ ಟೈರು ಹರಿದ ಕಾರಿನಲ್ಲಿ ಕುಂಟುತ್ತ ತನ್ನ ಅಂಗಡಿಯ ಮುಂದೆ ಬಂದು ನಿಲ್ಲಲೇಬೇಕು ಎಂದು ಅವಳು ಲೆಕ್ಕ ಹಾಕಿದ್ದಳು.

ನಾಲ್ಕು ವರ್ಷದ ಹಿಂದೆ ಅವಳಿಗೆ ಜರ್ಮನಿಯಿಂದ ಬಂದ ಹಳೆಯ ಕಾರೊಂದನ್ನು ಮಾರಿದವನು ಈ ರೇಮುಸ್. ಡಿಕ್ಕಿಯ ಅಡಿಯಲ್ಲಿ ಚಕ್ರ ಕೂರುವ ದುಂಡನೆಯ ಗುಂಡಿ ಖಾಲಿ ಹೊಡೆಯುತ್ತಿತ್ತು. ನಡುವೆ ಚಕ್ರವನ್ನು ಬಿಗಿಯುವ ತಿರುಪು ಮಾತ್ರ ಮೊಳೆಯ ಹಾಗೆ ನಿಂತಿತ್ತು.

"ಸ್ಟೆಪ್ನಿ ಎಲ್ಲಪ್ಪಾ?" ಎಂದು ಅವಳು ಕೇಳಿದ್ದಳು.

"ಅಯ್ಯೋ ಅಕ್ಕಾ, ಯಾವ ಕಾಲದಲ್ಲಿದ್ದೀರಿ? ಸ್ಟೆಪ್ನಿ ಎಲ್ಲಾ ಮುದುಕರಿಗೆ. ಈಗೇನಿದ್ರೂ ಈ ಡಬ್ಬ. ವಾಲ್ವಿಗೆ ಸಿಗಿಸಿ ಒತ್ತಿದ್ರೆ ನೊರೆ ಒಳಗೆ ಹೋಗಿ ತೂತು ತಾನಾಗೇ ಮುಚ್ಕೊಳತ್ತೆ. ಕೈ ಸಹ ಕೊಳೆ ಆಗಲ್ಲ."

ನಂಬಿದಳು. ನಂಬಿದ್ದಕ್ಕೆ ತನ್ನನ್ನು ತಾನೇ ಇಂದಿಗೂ ಬೈದುಕೊಳ್ಳುತ್ತಾಳೆ.

ಅದೇ ನವೆಂಬರಿನಲ್ಲಿ ಅವಳ ತಾಯಿ ಸಾಫ್ತಾಗೆ ಎದೆನೋವು ಬಂತು. ಆಂಬುಲೆನ್ಸಿಗೆ ಎರಡು ಗಂಟೆ ಆಗುತ್ತದೆ ಎಂದರು. ವೆತೂರಿಯಾ ತಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಾನೇ ಹೊರಟಳು. ಅರ್ಧ ದಾರಿಯಲ್ಲಿ, ಫೋನಿಗೆ ಸಿಗ್ನಲ್ಲೂ ಇಲ್ಲದ ಕಡೆ, ಕಲ್ಲೊಂದು ಟೈರಿನ ಬದಿಯನ್ನು ಅಂಗೈಯಗಲ ಸೀಳಿತು. ಡಬ್ಬ ಸಿಗಿಸಿದಳು, ಒತ್ತಿದಳು. ಬಿಳಿ ನೊರೆ ಸೀಳಿನಿಂದ ಹೊರಗೆ ಹರಿದು ರಸ್ತೆಯ ಮೇಲೆ ಹರಡಿತು. ಮುಕ್ಕಾಲು ಗಂಟೆ ಒಂದು ನರಪಿಳ್ಳೆಯೂ ಆ ಕಡೆ ಸುಳಿಯಲಿಲ್ಲ. ತಾಯಿ ಅಲ್ಲೇ ಹೋದಳು.

ಹೋಗುವ ಮುಂಚೆ, "ಬತ್ತಿ, ಬತ್ತಿ" ಎಂದಳು. ಸಾಯುವವರ ಕೈಯಲ್ಲಿ ಮೇಣದಬತ್ತಿ ಹಚ್ಚಿ ಹಿಡಿಸಬೇಕು. ಇಲ್ಲವಾದರೆ ಆ ಜೀವ ಆಚೆಯ ಲೋಕದ ಕತ್ತಲಲ್ಲಿ ತಡಕಾಡುತ್ತದೆ. ಆ ಸೀಮೆಯಲ್ಲಿ 'ಬತ್ತಿ ಕಾಣದೆ ಸಾಯಿ' ಎನ್ನುವುದಕ್ಕಿಂತ ಕೆಟ್ಟ ಬೈಗುಳವಿಲ್ಲ. ಕಾರಿನಲ್ಲಿ ಬತ್ತಿ ಎಲ್ಲಿಂದ ಬರಬೇಕು? ವೆತೂರಿಯಾ ಫೋನಿನ ಟಾರ್ಚು ಹಚ್ಚಿ ತಾಯಿಯ ಕೈಗೆ ಹಿಡಿಸಿದಳು. ಮುದುಕಿ ಅದನ್ನು ನೋಡಿದಳು, ಮಗಳನ್ನು ನೋಡಿದಳು, ಬೇಡ ಎನ್ನುವಂತೆ ಬೆರಳು ಸಡಿಲಿಸಿದಳು.

ಮಣ್ಣು ಮಾಡಿದ ಮೇಲೆ ಟಾರ್ಚು ಲೆಕ್ಕಕ್ಕೆ ಬರುತ್ತದೆಯೇ ಎಂದು ಪಾದ್ರಿಯನ್ನು ಕೇಳಿದಳು. ಬರುತ್ತದೆ ಎಂದ ಆತ, ಆದರೆ ಅವಳ ಮುಖ ನೋಡಿ ಹೇಳಲಿಲ್ಲ.

ಅಲ್ಲಿಂದ ನೇರ ರೇಮುಸ್‌ನ ಕಾರು ಮಾರುವ ಅಂಗಳಕ್ಕೆ ಹೋದಳು. ಹಿಂದಿನ ಶೆಡ್ಡಿನಲ್ಲಿ ನೂರಾರು ಸ್ಟೆಪ್ನಿಗಳನ್ನು ಎದೆಯೆತ್ತರ ಪೇರಿಸಿದ್ದ. ಬರುವ ಪ್ರತಿ ಕಾರಿನಿಂದ ಬಿಚ್ಚಿ, ಬೇರೆ ಮಾರಿಕೊಂಡು, ಆ ಜಾಗದಲ್ಲಿ ಅಗ್ಗದ ಡಬ್ಬ ಇಡುತ್ತಿದ್ದ ಪುಣ್ಯಾತ್ಮ. ಅವಳು ಅತ್ತು ಹೇಳಿದ್ದನ್ನೆಲ್ಲ ಕಾಫಿ ಕುಡಿಯುತ್ತಾ ಕೇಳಿ, "ಡಬ್ಬದ ಮೇಲೇ ಬರ್ದಿದೆ ನೋಡಿ, ಬದಿ ಹರಿದ್ರೆ ಕೆಲಸ ಮಾಡಲ್ಲ ಅಂತ. ಓದೋಕ್ಕೆ ಬರಲ್ವಾ?" ಎಂದ.

ಓದಲು ಬರುತ್ತಿತ್ತು. ಕಾಯಲೂ ಬರುತ್ತಿತ್ತು. ಅವನ ಕಾರಿನ ಟೈರಿನ ಅಳತೆ ಓದಿಕೊಂಡು ಬಂದು, ಅದೇ ಅಳತೆಯದೊಂದನ್ನು ತರಿಸಿ ಅಂಗಡಿಯ ಗೋಡೆಗೆ ನೇತುಹಾಕಿದಳು. ಅವನು ಕಾರು ಬದಲಿಸಿದಾಗ ಇವಳೂ ಟೈರು ಬದಲಿಸಿದಳು. ಅದನ್ನು ಯಾರಿಗೂ ಮಾರಲಿಲ್ಲ. ಅವನಿಗೆ ತೋರಿಸಿ, ಕೊಡದೇ ಇರುವುದಕ್ಕೆಂದೇ ಅದು ಅಲ್ಲಿತ್ತು.

ಆಗಸ್ಟ್ ಹದಿನೇಳರ ಮಧ್ಯಾಹ್ನ ಒಂದೂವರೆಗೆ ಅವನು ಬಂದ. ಬಿಳಿ ಸೂಟು, ಎದೆಯ ಮೇಲೆ ಹೂವು, ಬಲಗಡೆಯ ಮುಂದಿನ ಟೈರು ಚಿಂದಿ. ಪಕ್ಕದ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿದ ಮುದುಕಿ ಕೂತಿದ್ದಳು. ಅವನ ತಾಯಿ ಫ್ರೊಸಿನಾ. ಕಣ್ಣಿನ ಆಪರೇಶನ್ನಿಗೆ ಪಟ್ಟಣಕ್ಕೆ ಕರೆದೊಯ್ದವನು ಈಗ ಊರಿನ ಮದುವೆಯೊಂದರ ದಿನವೇ ವಾಪಸು ಕರೆತರುತ್ತಿದ್ದ.

"ಬೇಗ ಅಕ್ಕಾ, ಬೇಗ! ಮೂರು ಗಂಟೆಗೆ ಚರ್ಚು. ನಾನೇ ಮದುವೆಯ ಧರ್ಮಪಿತ, ಮದುಮಕ್ಕಳ ಪಕ್ಕ ಬತ್ತಿ ಹಿಡಿಯೋನು. ನಾನಿಲ್ದೆ ಪಾದ್ರಿ ಶುರು ಮಾಡಲ್ಲ. ಡಬ್ಬದ ನೊರೆ ಎಲ್ಲಾ ಬೂಟಿನ ಮೇಲೇ ಹೋಯ್ತು, ಥೂ!"

ಅವನಿಗೆ ಅವಳ ಗುರುತು ಸಿಗಲಿಲ್ಲ. ಅದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಒಳಗೆ ಹೋಗಿ, ಹೊಸ ನೊರೆಡಬ್ಬವೊಂದನ್ನು ತಂದು ಅವನ ಕೈಗಿಟ್ಟಳು.

"ಇದೇನಿದು? ಬದಿ ಹರಿದಿದೆ ಕಣಮ್ಮಾ, ಕಾಣಲ್ವಾ? ಟೈರು ಹಾಕು. ಅಲ್ಲೇ ನೇತಾಡ್ತಿದೆ ನೋಡು, ಇದೇ ಅಳತೆ!"

"ಟೈರೆಲ್ಲಾ ಮುದುಕರಿಗೆ ಕಣಪ್ಪಾ. ಈಗೇನಿದ್ರೂ ಈ ಡಬ್ಬ. ಕೈ ಸಹ ಕೊಳೆ ಆಗಲ್ಲ."

ಅವನು ಡಬ್ಬವನ್ನು ನೋಡಿದ, ಅವಳನ್ನು ನೋಡಿದ. ಮುಖದಲ್ಲಿ ಬಣ್ಣ ಇಳಿಯುವುದನ್ನು ವೆತೂರಿಯಾ ಕಣ್ತುಂಬ ನೋಡಿದಳು. ನಾಲ್ಕು ವರ್ಷ ಹಲ್ಲು ಕಚ್ಚಿ ಕಾದ ಸುಖ ಅದು. ಅವಳು ಅವಸರ ಮಾಡಲಿಲ್ಲ.

"ನೀನಾ? ನೋಡು, ಹಳೇದೆಲ್ಲಾ ಕೆದಕೋ ಹೊತ್ತಲ್ಲ ಇದು. ಎಷ್ಟು ಬೇಕು ಹೇಳು. ಸಾವಿರ ಲೇಯಿ? ಎರಡು?"

"ಡಬ್ಬಕ್ಕೆ ಬರೀ ಮೂವತ್ತು."

"ಇನ್ನೂರು ಜನ ಕಾಯ್ತಿದ್ದಾರೆ! ನನ್ನ ಮಾನ ಹೋಗತ್ತೆ!"

"ಹೋಗ್ಲಿ. ನಿಂಗೆ ಮಾನ ತಾನೇ ಹೋಗೋದು. ನಂಗೆ ಹೋದದ್ದು ಅಮ್ಮ."

ಗಲಾಟೆ ಕೇಳಿ ಮುದುಕಿ ಕಿಟಕಿ ಇಳಿಸಿದಳು. "ಏನೋ ಅದು ರೇಮುಸ್? ಆ ತಾಯಿ ಯಾಕೆ ಕೋಪ ಮಾಡ್ಕೊಂಡಿದ್ದಾಳೆ?"

"ಏನಿಲ್ಲಮ್ಮಾ, ದುಡ್ಡಿನ ಚೌಕಾಸಿ. ನೀನು ಗಾಜು ಏರಿಸ್ಕೋ."

ಅವನು ಗಾಜು ಏರಿಸಿಕೋ ಎನ್ನದಿದ್ದರೆ ವೆತೂರಿಯಾ ಅತ್ತ ಹೋಗುತ್ತಲೇ ಇರಲಿಲ್ಲ. ಮುದುಕಿಯ ಮೇಲೆ ಅವಳಿಗೆ ಹಗೆಯಿರಲಿಲ್ಲ. ಈಗ ನೇರ ಹೋಗಿ ಕಿಟಕಿಗೆ ಕೈಯೂರಿ ನಿಂತಳು. ಸುತ್ತಿ ಬಳಸದೆ ಹೇಳಿದಳು: ಖಾಲಿ ಗುಂಡಿ, ಡಬ್ಬ, ಸೀಳು, ಶೆಡ್ಡಿನ ಚಕ್ರಗಳು. ಕೊನೆಗೆ ಟಾರ್ಚು. "ನಿಮ್ಮ ಮಗನ ದೆಸೆಯಿಂದ ನಮ್ಮಮ್ಮ ಬತ್ತಿ ಕಾಣದೆ ಹೋದಳು" ಎಂದಳು. ಆ ಮಾತನ್ನು ಅವಳು ಅದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ.

ಫ್ರೊಸಿನಾ ಕಪ್ಪು ಕನ್ನಡಕ ತೆಗೆದಳು. ಡಾಕ್ಟರು ತೆಗೆಯಬೇಡ ಎಂದಿದ್ದರು. ನೀರು ಸುರಿಯುತ್ತಿದ್ದ ಕಣ್ಣಿನಿಂದ ಮಗನನ್ನು ನೋಡಿದಳು. "ನಿಜವೇನೋ?"

"ಅಮ್ಮಾ, ವ್ಯಾಪಾರದಲ್ಲಿ ಎಲ್ಲಾರೂ ಹಾಗೇ ಮಾಡ್ತಾರಮ್ಮ. ನಾನೊಬ್ಬನೇನಾ?"

ಮುದುಕಿ ಬಾಗಿಲು ತೆಗೆದು, ತಾನೇ ಇಳಿದು, ಅಂಗಡಿಯ ಮುಂದಿದ್ದ ಬೆಂಚಿನ ಮೇಲೆ ಕೂತಳು. "ಟೈರು ಹಾಕಮ್ಮಾ. ಮದುಮಕ್ಕಳೇನು ತಪ್ಪು ಮಾಡಿದ್ದಾರೆ?" ಎಂದಳು.

ವೆತೂರಿಯಾಗೆ ಸಿಟ್ಟು ಬಂತು. ಕೈಗೆ ಬಂದವನು ಇಷ್ಟು ಸಲೀಸಾಗಿ ಜಾರಿಕೊಳ್ಳುವುದೇ? ಆದರೂ ಆ ವಯಸ್ಸಿನ ಹೆಂಗಸಿಗೆ ಇಲ್ಲ ಎನ್ನಲು ನಾಲಿಗೆ ಬರಲಿಲ್ಲ. ಜಾಕ್ ಕೊಟ್ಟು, ಗೋಡೆಯ ಟೈರು ಇಳಿಸಿ, ಕಾಲು ಗಂಟೆಯಲ್ಲಿ ಹಾಕಿದಳು. ಬೋಲ್ಟುಗಳನ್ನು ಬಿಗಿಯುವಾಗ ಒಂದನ್ನು ಸಡಿಲ ಬಿಡುವ ಯೋಚನೆಯೂ ಬಂದು ಹೋಯಿತು. ಬಿಗಿದಳು.

ರೇಮುಸ್ ನೋಟುಗಳನ್ನು ಬೆಂಚಿನ ಮೇಲಿಟ್ಟು ತಾಯಿಯ ತೋಳು ಹಿಡಿದ. "ಏಳಮ್ಮಾ, ಹೊತ್ತಾಯ್ತು."

ಅವಳು ತೋಳು ಬಿಡಿಸಿಕೊಂಡಳು. ಕೈಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ ಹಳದಿ ಮೇಣದಬತ್ತಿ ತೆಗೆದಳು. ಎಂಬತ್ತು ದಾಟಿದ ಮೇಲೆ ಆ ಕಡೆಯ ಹೆಂಗಸರು ಅದಿಲ್ಲದೆ ಹೊಸಿಲು ದಾಟುವುದಿಲ್ಲ. ಅದನ್ನು ವೆತೂರಿಯಾಳ ಗ್ರೀಸು ಮೆತ್ತಿದ ಅಂಗೈಯಲ್ಲಿಟ್ಟು ಮುಚ್ಚಿದಳು.

"ನನ್ನ ದಿನ ಬಂದಾಗ ನೀನು ಬಾ. ನೀನು ಹಚ್ಚು."

"ಅಮ್ಮಾ!" ಎಂದ ರೇಮುಸ್. "ನಿಂಗೆ ನಾನೊಬ್ನೇ ಮಗ. ನಾನಲ್ವಾ ಹಚ್ಚಬೇಕಾದ್ದು?"

"ನೀನು ಹೋಗಿ ಮದುವೆಯ ಬತ್ತಿ ಹಿಡಿ. ನನ್ನದನ್ನ ಮುಟ್ಟಬೇಡ. ನನ್ನ ಬಾಗಿಲಿಗೆ ಆ ಹೊತ್ತು ಬರಲೂಬೇಡ."

ಐವತ್ತರ ಗಂಡಸು, ಬಿಳಿ ಸೂಟಿನಲ್ಲಿ, ರಸ್ತೆಬದಿಯ ಧೂಳಿನಲ್ಲಿ ಮೊಣಕಾಲೂರಿ ತಾಯಿಯ ಲಂಗ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಅಮ್ಮಾ, ತಪ್ಪಾಯ್ತಮ್ಮಾ ಎಂದ. ಅವಳು ಬೆಟ್ಟದ ಕಡೆ ನೋಡುತ್ತಾ ಕೂತಳು, ಕೆಳಗೆ ನೋಡಲಿಲ್ಲ. ವೆತೂರಿಯಾ ತನ್ನ ಎದೆಯೊಳಗೆ ಎಲ್ಲಾದರೂ ಕನಿಕರವಿದೆಯೇ ಎಂದು ಹುಡುಕಿದಳು. ಒಂದು ಹನಿಯೂ ಇರಲಿಲ್ಲ. ಕೈ ಒರೆಸಿಕೊಂಡು ಬತ್ತಿಯನ್ನು ಜೇಬಿನಲ್ಲಿ ಜೋಪಾನವಾಗಿಟ್ಟಳು.

"ನಿಮ್ಮನೆ ಚರ್ಚಿನಿಂದ ಯಾವ ಕಡೆಗೆ ಬರತ್ತಮ್ಮಾ?" ಎಂದು, ಅವನಿಗೆ ಕೇಳಿಸುವ ಹಾಗೆ, ಮುದುಕಿಯ ಪಕ್ಕದಲ್ಲಿ ಕೂತು ಕೇಳಿದಳು.